ಎರಡನೇ ಚುಕ್ಕೆ

ಜೀಪಿನವನು ಮೂರನೇ ಸಲ ಬಿಡಿಭಾಗಗಳ ಅಂಗಡಿಯ ಮೆಟ್ಟಿಲು ಹತ್ತಿದಾಗ ಕೌಂಟರಿನ ಅಕ್ಕ ಬೆಳಗಿನ ಚಹಾ ಇನ್ನೂ ಮುಗಿಸಿರಲಿಲ್ಲ. ಅವನ ಕೈಯಲ್ಲಿದ್ದ ಪತ್ರಿಕೆಯ ಪೊಟ್ಟಣ ಕಂಡೇ ಅವಳಿಗೆ ಸುಸ್ತಾಯಿತು. ಒಳಗಿದ್ದದ್ದು ಹಿಂದಿನ ಎಡ ಚಕ್ರದ ಆಯಿಲ್ ಸೀಲು: ಬಳೆಗಿಂತ ತುಸು ಚಿಕ್ಕದಾದ ರಬ್ಬರಿನ ಉಂಗುರ.

"ಅಕ್ಕಾ, ಮತ್ತೆ ಸೋರ್ತು. ಎರಡೇ ದಿನ."

"ಈ ಸಲ ಹಾಕಿದ್ದು ಯಾರು?"

"ಬೇರೆ ಮೆಕ್ಯಾನಿಕ್. ಮೊದಲನೇ ಸಲ ನನ್ನ ಭಾವಮೈದುನ ಹಾಕಿದ್ದ. ಅವನಿಗೆ ಸುತ್ತಿಗೆ ಹಿಡಿಯೋಕೆ ಬರಲ್ಲ ಅಂದ್ರಿ ನೀವು. ನಾನು ಹೋಗಿ ಅದನ್ನೇ ಅವನ ಮುಖಕ್ಕೆ ಹೇಳಿದೆ. ಹದಿನೈದು ದಿನ ಆಯ್ತು, ಮನೆ ಕಡೆ ತಲೆ ಹಾಕಿಲ್ಲ. ಹೆಂಡ್ತಿ ಊಟಕ್ಕೆ ಕರೆಯೋದೂ ಬಿಟ್ಟಿದಾಳೆ, ತಟ್ಟೆ ಸದ್ದು ಮಾಡ್ತಾಳೆ ಅಷ್ಟೇ."

ಜೀಪಿಗೆ ಐವತ್ತೆರಡು ವರ್ಷ. ದಿನಾ ಬೆಳಿಗ್ಗೆ ಎಂಟು ಜನ ಕಲ್ಲು ಕೆಲಸದವರನ್ನು ಗುಡ್ಡದ ಮೇಲಿನ ಕ್ವಾರಿಗೆ ಒಯ್ಯುವುದು ಅದರ ಕೆಲಸ. ಸೀಲು ಸೋರಿದರೆ ಎಣ್ಣೆ ಬ್ರೇಕಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಗಾಡಿ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆಯೊಳಗೆ ಬ್ರೇಕು ಸರಿಯಾಗದಿದ್ದರೆ ಬೇರೆ ಗಾಡಿ ಗೊತ್ತುಮಾಡುತ್ತೇನೆ, ಆಮೇಲೆ ಬರಬೇಡ ಎಂದು ಕ್ವಾರಿಯ ಮೇಲ್ವಿಚಾರಕ ಹೇಳಿಯಾಗಿತ್ತು.

"ಗುಜರಿಯವನು ನಿನ್ನೆನೇ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕ್ದ," ಎಂದ ಜೀಪಿನವನು. "ಹೆಣ ನೋಡೋಕೆ ಬಂದೋನ ಥರ ಮುಖ ಮಾಡ್ಕೊಂಡು."

ಅಕ್ಕ ನಗಲಿಲ್ಲ. ಕ್ಯಾಟಲಾಗನ್ನು ಎಳೆದುಕೊಂಡಳು. ನಾನೂರು ಪುಟದ ಆ ಪುಸ್ತಕದಲ್ಲಿ ಅಚ್ಚಾದ ಸೀಲಿನ ನಂಬರು ಎಂದೋ ಸತ್ತುಹೋಗಿತ್ತು, ಅದನ್ನೀಗ ಯಾರೂ ತಯಾರಿಸುತ್ತಿರಲಿಲ್ಲ. ಪಕ್ಕದ ಅಂಚಿನಲ್ಲಿ ಬೇರೊಂದು ಮಾಡೆಲ್ಲಿನ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಅವಳಿಗಿಂತ ಮೊದಲು ಆ ಕೌಂಟರಿನಲ್ಲಿ ಕೂತಿದ್ದವರು ಅವಳ ದೊಡ್ಡಪ್ಪ. ಪೆನ್ಸಿಲ್ ಬರಹಕ್ಕೆ ಅವರದೇ ಒಂದು ಕಟ್ಟುನಿಟ್ಟು ಇತ್ತು. ಬದಲಿ ಸಾಮಾನು ಆಗುತ್ತದೆ ಎಂದು ಯಾರೋ ಹೇಳಿದ್ದು ಮಾತ್ರವಾದರೆ ಒಂದು ಚುಕ್ಕೆ. ಹಾಕಿ ನೋಡಿ, ತಿಂಗಳಾದರೂ ವಾಪಸ್ ಬರದಿದ್ದರೆ ಎರಡನೇ ಚುಕ್ಕೆ. ಎರಡು ಚುಕ್ಕೆಯ ಸಾಮಾನನ್ನು ಕಣ್ಣುಮುಚ್ಚಿ ಕೊಡಬಹುದು. ಮೂವತ್ತು ವರ್ಷದಿಂದ ಅಕ್ಕ ಈ ಸೀಲನ್ನು ಕೊಟ್ಟದ್ದೂ ಹಾಗೆಯೇ.

"ನೋಡಪ್ಪ. ಎರಡು ಚುಕ್ಕೆ. ನಮ್ಮ ದೊಡ್ಡಪ್ಪ ಸುಮ್ಸುಮ್ನೆ ಇಡೋರಲ್ಲ."

ಈಗೀಗ ಯಾರನ್ನೂ ನಂಬದಿದ್ದ ಜೀಪಿನವನು ಬಗ್ಗಿ ನೋಡಿದ. "ಎರಡನೇದು ಉಬ್ಬಿಕೊಂಡಿದೆಯಲ್ಲ ಅಕ್ಕ?"

ಅಕ್ಕ ಉಗುರಿನಿಂದ ಕೆರೆದಳು. ಚುಕ್ಕೆ ಹಕ್ಕಳೆಯಂತೆ ಎದ್ದು ಬಂತು. ಒಣಗಿದ ಗ್ರೀಸು. ಅಡಿಯಲ್ಲಿ ಬರೀ ಕಾಗದ.

ಆಗ ಅವಳು ಆ ನಂಬರನ್ನು ಸರಿಯಾಗಿ ಓದಿದಳು. ದೊಡ್ಡಪ್ಪ ಒತ್ತಿ ಬರೆಯುವವರು. ಅವರ ಅಂಕಿಗಳು ಹಿಂದಿನ ಪುಟದಲ್ಲೂ ಕೈಗೆ ಸಿಗುತ್ತಿದ್ದವು. ಇವು ತೆಳ್ಳಗಿದ್ದವು, ಬಲಕ್ಕೆ ವಾಲಿದ್ದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೇ ಬರೆದ ಅಂಕಿಗಳು. ಯಾರು ಹೇಳಿದ್ದರೋ, ಅಳೆದು ನೋಡೋಣವೆಂದು ಬರೆದಿಟ್ಟು ಮರೆತದ್ದು.

"ಮೊದಲು ಗಾಡಿಯಲ್ಲಿದ್ದ ಹಳೇ ಸೀಲು ಇದೆಯಾ?"

"ಟೂಲ್ ಪೆಟ್ಟಿಗೆಯಲ್ಲಿದೆ. ಬಿಸಾಡೋಕೆ ಮನಸ್ಸಾಗಲಿಲ್ಲ."

ಅವನು ತಂದುಕೊಟ್ಟ. ಅಳತೆಪಟ್ಟಿ ಹಿಡಿದಳು. ಒಳಸುತ್ತು ಒಂದೇ, ಹೊರಸುತ್ತು ಒಂದೇ. ದಪ್ಪ ಮಾತ್ರ ಹಳೆಯದು ಹನ್ನೆರಡು ಮಿಲಿಮೀಟರ್, ಅವಳು ಕೊಟ್ಟದ್ದು ಒಂಬತ್ತು. ಕೂರುವಾಗ ಚೆನ್ನಾಗಿಯೇ ಕೂರುತ್ತದೆ, ಮೋಸವಿದ್ದದ್ದು ಅಲ್ಲೇ. ರಬ್ಬರಿನ ತುಟಿ ಚಕ್ರದ ಅಚ್ಚಿನ ನುಣುಪು ಪಟ್ಟಿಯ ನಡುವೆ ಉಜ್ಜುವ ಬದಲು ಅದರ ಸವೆದ ಅಂಚಿನಲ್ಲಿ ಉಜ್ಜಿ ಎರಡೇ ದಿನಕ್ಕೆ ಹರಿಯುತ್ತದೆ. ಸೋರುತ್ತದೆ ಎಂದು ಬಂದ ಎಷ್ಟು ಜನಕ್ಕೆ 'ಫಿಟ್ಟರ್ ಕೈ ಸರಿಯಿಲ್ಲ' ಎಂದು ಹೇಳಿ ಕಳಿಸಿದ್ದಳೋ ಅವಳಿಗೆ ಲೆಕ್ಕ ಸಿಗಲಿಲ್ಲ.

ಬೇರೆ ಕಂಪನಿಯದು ಕೊಡುತ್ತೇನೆ ಎಂದು ಹೇಳಿ ಮುಗಿಸಬಹುದಿತ್ತು.

"ಇದನ್ನ ಬರೆದಿದ್ದು ನಾನೇ," ಎಂದಳು. "ತಪ್ಪು ಸೀಲು ಕೊಟ್ಟಿದೀನಿ. ಎರಡು ಸಲವೂ."

ಜೀಪಿನವನು ರಬ್ಬರಿನ ಉಂಗುರವನ್ನು ತಿರುಗಿಸಿ ನೋಡಿದ. "ಹಾಗಾದ್ರೆ ನನ್ನ ಭಾವಮೈದುನನದ್ದು ತಪ್ಪಿರಲಿಲ್ಲ."

"ಇರಲಿಲ್ಲ. ಏನೇನಂದೆ ಅವನಿಗೆ?"

"ನಿಮ್ಮೆದುರು ಹೇಳೋ ಹಾಗಿಲ್ಲ ಬಿಡಿ."

ಅಕ್ಕ ಅಂಗಡಿಯ ಯಜಮಾನರಿಗೆ ಹೇಳಿ, ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಅವನ ಜೊತೆ ಹೊರಟಳು. ಸೀಲಿಗೆ ಗಾಡಿಯ ಹೆಸರು ಗೊತ್ತಿರುವುದಿಲ್ಲ, ಅಳತೆ ಸಿಕ್ಕರೆ ಸಾಕು. ಎರಡು ಅಂಗಡಿಗಳಲ್ಲಿ ಇಲ್ಲವೆಂದರು. ಮೂರನೆಯದು ಗಿರಣಿ ಸಾಮಾನಿನ ಅಂಗಡಿ. ಅಲ್ಲಿನ ಮುದುಕ ಏಳೆಂಟು ಡಬ್ಬಿ ಸುರುವಿ, ಕೊನೆಗೆ ಒಂದನ್ನು ಎತ್ತಿ ಹಿಡಿದ. ಅಕ್ಕ ಅಳೆದಳು. ಮತ್ತೆ ಅಳೆದಳು. ಹನ್ನೆರಡು.

"ಇದು ಹಿಟ್ಟಿನ ಗಿರಣಿದಮ್ಮ. ಜೀಪಿಗೆ ಹಾಕ್ತೀರಾ?"

"ಜೀಪಿಗೆ ಹೇಳ್ಬೇಡಿ," ಎಂದಳು ಅಕ್ಕ.

ಭಾವಮೈದುನನ ಗ್ಯಾರೇಜಿನಲ್ಲಿ ವ್ಯಾನೊಂದರ ಅಡಿಯಿಂದ ಎರಡು ಕಾಲು ಕಾಣುತ್ತಿದ್ದವು. ಜೀಪಿನ ಸದ್ದು ಗುರುತು ಹತ್ತಿದರೂ ಕಾಲು ಅಲ್ಲಾಡಲಿಲ್ಲ.

"ಸುತ್ತಿಗೆ ಹಿಡಿಯೋಕೆ ಬರದೋನ ಹತ್ರ ಯಾಕೆ ಬಂದ್ರಿ ಭಾವ?"

ಅಕ್ಕ ವ್ಯಾನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ನಾನಪ್ಪ, ಅಂಗಡಿ ಕೌಂಟರಿನವಳು. ಸೀಲು ತಪ್ಪು ಕೊಟ್ಟಿದ್ದು ನಾನು. ನಿನ್ನ ಕೈ ಸರಿಯಿಲ್ಲ ಅಂದಿದ್ದೂ ನಾನೇ. ನಿಮ್ಮ ಭಾವ ಅದನ್ನ ಇಲ್ಲಿಗೆ ಹೊತ್ಕೊಂಡು ಬಂದ ಅಷ್ಟೇ."

ಅವನು ಹೊರಗೆ ಬಂದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಒರೆಸಿಕೊಂಡ.

"ಎಷ್ಟು ಕಮ್ಮಿ ಇತ್ತು?"

"ಮೂರು ಮಿಲಿಮೀಟರ್."

"ಮೂರು," ಎಂದು ಭಾವನ ಕಡೆ ನೋಡಿದ.

ಕೆಲಸ ಮಧ್ಯಾಹ್ನ ನಾಲ್ಕರವರೆಗೆ ಹಿಡಿಯಿತು. ಎಣ್ಣೆ ಕುಡಿದ ಬ್ರೇಕ್ ಲೈನಿಂಗನ್ನೂ ಅವನು ಬದಲಿಸಿದ. ಸೀಲಿನ ತುಟಿಗೆ ನೀಲಿ ಬಣ್ಣ ಸವರಿ ಕೂರಿಸಿ, ತಿರುಗಿಸಿ, ಮತ್ತೆ ಬಿಚ್ಚಿ ಅಕ್ಕನಿಗೆ ತೋರಿಸಿದ. ನೀಲಿ ಗೆರೆ ಅಂಚಿನಲ್ಲಿರಲಿಲ್ಲ. ಅಚ್ಚಿನ ಮೇಲೆ, ಸವೆಯದ ಉಕ್ಕಿನ ನಟ್ಟನಡುವೆ ಬಿದ್ದಿತ್ತು. ಆಮೇಲೆ ಗ್ಯಾರೇಜಿನ ಹಿಂದಿನ ಇಳಿಜಾರಿನಲ್ಲಿ ಮೂರು ಸಲ ಬ್ರೇಕು ಒತ್ತಿದ. ಮೂರು ಸಲವೂ ಗಾಡಿ ಒತ್ತಿದಲ್ಲೇ ನಿಂತಿತು.

"ನಾಳೆ ಗುಡ್ಡ ಹತ್ತಿಸಿ. ಆದ್ರೆ ಒಂದು ವಾರ ದಿನಾ ಸಂಜೆ ತಂದು ತೋರಿಸ್ಬೇಕು."

"ನೀನೇ ಮನೆಗೆ ಬಂದು ನೋಡ್ಬಹುದಲ್ಲ," ಎಂದ ಜೀಪಿನವನು. "ನಿಮ್ಮಕ್ಕ..."

"ಮೊದಲು ಗಾಡಿ ತನ್ನಿ ಭಾವ. ಮನೆ ಮಾತು ಆಮೇಲೆ."

ಜೀಪಿನವನು ತಲೆಯಾಡಿಸಿದ. ಅಷ್ಟಕ್ಕೇ ಅವನ ಮುಖ ಸಡಿಲವಾಗಿತ್ತು.

ಅಕ್ಕ ಅಂಗಡಿಗೆ ಮರಳಿದಾಗ ಬೆಳಗಿನ ಚಹಾದ ಲೋಟ ಅಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಪೆನ್ಸಿಲ್ ತೆಗೆದುಕೊಂಡು ಹಳೆಯ ನಂಬರಿನ ಮೇಲೆ ಗೆರೆ ಎಳೆದಳು, ಅಳಿಸಲಿಲ್ಲ. ಕೆಳಗೆ ಸರಿಯಾದ ಅಳತೆ ಬರೆದು, 'ಹಿಟ್ಟಿನ ಗಿರಣಿಯದು' ಎಂದು ಸೇರಿಸಿ, ಒಂದು ಚುಕ್ಕೆ ಇಟ್ಟಳು. ಎರಡನೆಯದಕ್ಕೆ ಒಂದು ತಿಂಗಳು ಕಾಯಬೇಕು.

ಪುಸ್ತಕ ಮುಚ್ಚಲು ಹೋದವಳು ಕೈ ತಡೆದಳು. ಸ್ಟೂಲು ಎಳೆದುಕೊಂಡು ಕೂತು, ಮೊದಲನೇ ಪುಟಕ್ಕೆ ಹಿಂತಿರುಗಿ, ಮೊದಲು ಕಂಡ ಎರಡು ಚುಕ್ಕೆಗಳಲ್ಲಿ ಎರಡನೆಯದರ ಮೇಲೆ ಉಗುರಿಟ್ಟು ಕೆರೆದಳು. ಅದು ಪೆನ್ಸಿಲ್ಲಿನದೇ. ಮುಂದಿನ ಚುಕ್ಕೆಗೆ ಹೋದಳು.