ಸುನಂದ ಕದ್ದ ವಾಗ್ದಾನ

ಸುನಂದಳ ಹೊಟ್ಟೆಕಿಚ್ಚಿನಲ್ಲಿ ಕೋಲಾರ ಜಿಲ್ಲೆಯ ಅಷ್ಟೂ ಹಾಲು ಕಾಯಿಸಬಹುದಿತ್ತು. ಉಕ್ಕಿ ಚೆಲ್ಲಿದ್ದನ್ನು ಮಾಲೂರಿನವರಿಗೆ ಕುಡಿದು ಮುಗಿಸಲಾಗುತ್ತಿರಲಿಲ್ಲ. ಮುಳಬಾಗಿಲಿನಲ್ಲಿ ಯಾರಾದರೂ ಹೊಸ ಸೀರೆ ಉಟ್ಟರೆ ಸುಗಟೂರಿನಲ್ಲಿ ಕೂತ ಇವಳಿಗೆ ಮೈ ಉರಿಯುತ್ತಿತ್ತಂತೆ. ಇದು ಜನರ ಉತ್ಪ್ರೇಕ್ಷೆ. ಉರಿ ಶ್ರೀನಿವಾಸಪುರದವರೆಗೆ ಮಾತ್ರ ಮುಟ್ಟುತ್ತಿತ್ತು.

ಆ ಉರಿಯ ಮುಕ್ಕಾಲು ಪಾಲು ಖರ್ಚಾಗುತ್ತಿದ್ದುದು ಮಾತ್ರ ಪಕ್ಕದ ಗೋಡೆಯಾಚೆಗೆ. ಆಚೆ ಇದ್ದವಳು ವಾರಗಿತ್ತಿ ಎಸ್ತರಮ್ಮ, ಭಾವ ದೇವದಾನಪ್ಪನ ಹೆಂಡತಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ ದಿನವೇ ದೇವರು ಆಚೆ ಕಡೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟ ಎಂದು ಸುನಂದ ನಂಬಿದ್ದಳು. ಎರಡೂ ಮನೆಯವರು ಸಾಕುತ್ತಿದ್ದುದು ರೇಷ್ಮೆ ಹುಳು. ಎಸ್ತರಮ್ಮನ ಗೂಡುಗಳು ಕೋಳಿಮೊಟ್ಟೆಯ ಗಾತ್ರ. ಸುನಂದಳ ಹುಳುಗಳೋ, ಹಿಂದಿನ ಎರಡು ಬೆಳೆಯಲ್ಲೂ ಒಂದು ಕಾಡಿನಷ್ಟು ಸೊಪ್ಪು ತಿಂದು, ರೋಗ ತಗುಲಿ, ಗೂಡು ಕಟ್ಟದೆ ಸತ್ತಿದ್ದವು. ಮಳೆಗಾಲದಲ್ಲಿ ದೇವದಾನಪ್ಪ ಸೊಪ್ಪಿನ ಹೊರೆ ಹೊತ್ತು ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಲೂ ಅವಳಿಗೆ ಹೊಟ್ಟೆ ಉರಿದಿತ್ತು. ಚರ್ಚಿನ ಇಡೀ ಸಭೆ ಆಪಲ್ ಹಿಡಿದು ನೋಡಲು ಬಂದಿತ್ತಲ್ಲ!

"ನನ್ಗೆ ಜ್ವರ ಬಂದಾಗ ಬಾಳೆಹಣ್ಣೂ ತಂದಿರ್ಲಿಲ್ಲ ಯಾರೂ," ಎಂದು ಗಂಡ ಕದಿರೇಶನಿಗೆ ಹೇಳಿದ್ದಳು.

"ಅಣ್ಣನ ಸೊಂಟ ಮುರ್ದೈತೆ ಕಣೇ. ನಿನ್ಗೆ ನೆಗಡಿ ಜ್ವರ."

"ಆದ್ರೇನು? ಜ್ವರ ಜ್ವರ ಅಲ್ವಾ?"

ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಅವರ ಚರ್ಚಿನಲ್ಲೊಂದು ಪದ್ಧತಿ. ಪಾದ್ರಿ ಅಯ್ಯಗಾರು ಹಳೆಯ ಬಿಸ್ಕತ್ತಿನ ಡಬ್ಬಿ ಹಿಡಿದು ನಿಲ್ಲುತ್ತಾರೆ. ಅದರಲ್ಲಿ ಬೈಬಲಿನ ಒಂದೊಂದು ವಾಕ್ಯ ಬರೆದ ವಾಗ್ದಾನದ ಚೀಟಿಗಳು. ಮನೆಗೊಬ್ಬರು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು, ಸಭೆಯ ಮುಂದೆ ಗಟ್ಟಿಯಾಗಿ ಓದಬೇಕು, ವರ್ಷವಿಡೀ ಬಾಗಿಲ ಮೇಲಿನ ಮೊಳೆಗೆ ತೂಗುಹಾಕಬೇಕು. ಬಂದದ್ದೇ ನಿಮ್ಮದು, ಬದಲಾಯಿಸಿಕೊಳ್ಳುವ ಹಾಗಿಲ್ಲ.

"ಈ ಸಲನಾದ್ರೂ ದೇವ್ರು ಗೋಡೆ ಈಚೆ ನೋಡ್ಬೇಕು," ಎಂದು ಸುನಂದ ದಾರಿಯುದ್ದಕ್ಕೂ ಹೇಳಿದ್ದಳು. "ನೋಡ್ಲಿಲ್ಲ ಅಂದ್ರೆ ಮುಗೀತು. ಆ ಚರ್ಚಿನ ಮೆಟ್ಲು ಇನ್ನು ಹತ್ತಲ್ಲ ನಾನು."

ತಮಾಷೆಗೆ ಹೇಳಿದ್ದಲ್ಲ. ಹುಳು ಸತ್ತ ಮೇಲೆ ಅವಳ ಬಾಯಿಂದ ಪ್ರಾರ್ಥನೆಯೂ ಬಂದಿರಲಿಲ್ಲ, ಹಾಡೂ ಬಂದಿರಲಿಲ್ಲ. ಒಂದು ಕಾಲಕ್ಕೆ ಅವಳು ಕೀರ್ತನೆ ಎತ್ತಿಕೊಂಡರೆ ವೇಮಗಲ್ಲಿನ ಕಾರ್ಖಾನೆಯ ಸೈರನ್ನೇ ನಾಚಿ ನಿಲ್ಲುತ್ತಿತ್ತು.

ಎಸ್ತರಮ್ಮ ಮೊದಲು ಎತ್ತಿದಳು. ಯೆಶಾಯ ಪ್ರವಾದಿಯ ಮಾತು: ಒಣನೆಲ ತಾವರೆಯಂತೆ ಅರಳುವುದು. ಸಭೆಯೆಲ್ಲ "ಆಮೆನ್" ಎಂದಿತು.

ಸುನಂದ ಡಬ್ಬಿಯ ತಳದವರೆಗೆ ಕೈ ಬಿಟ್ಟು, ಹುಡುಕಿ, ತಡಕಿ, ಒಂದನ್ನು ಎಳೆದಳು. ಯೆಹೆಜ್ಕೇಲ ಪ್ರವಾದಿಯದು. ಅವಳು ಚೀಟಿ ತಿರುಗಿಸಿ, ಹಿಂಬದಿಯಲ್ಲಿ ಬೇರೇನಾದರೂ ಇದೆಯೇ ಎಂದು ನೋಡಿದಳು.

"ಓದಮ್ಮಾ," ಎಂದರು ಅಯ್ಯಗಾರು.

"ಈ ಒಣ ಎಲುಬುಗಳು ಬದುಕಬಹುದೋ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೆನ್ ಕೂಡ ತಡವಾಗಿ ಬಂತು.

"ಅವಳಿಗೆ ಹೂವು, ನನ್ಗೆ ಮೂಳೆ!" ಎಂದು ಸುನಂದ ಮನೆಗೆ ಬಂದು ಪಾತ್ರೆ ಕುಕ್ಕಿದಳು. "ಅದೂ ವಾಗ್ದಾನ ಅಲ್ಲ, ಪ್ರಶ್ನೆ! ಪರೀಕ್ಷೆ ಬರೆಯಕ್ಕೆ ಹೋಗಿದ್ನಾ ನಾನು?"

ಮರುದಿನ ಬೆಳಗ್ಗೆ ಎಸ್ತರಮ್ಮ ಡೈರಿಗೆ ಹಾಲು ಹಾಕಲು ಹೋದಾಗ ಸುನಂದ ಆಚೆ ಮನೆಗೆ ನುಗ್ಗಿದಳು. ಮಂಚದ ಮೇಲೆ ದೇವದಾನಪ್ಪ ಗೊರಕೆ ಹೊಡೆಯುತ್ತಿದ್ದ. ಅವಳು ಸ್ಟೂಲು ಹತ್ತಿ ತಾವರೆಯ ಚೀಟಿ ಕಿತ್ತುಕೊಂಡು, ಮೊಳೆಗೆ ಎಲುಬಿನ ಚೀಟಿ ನೇತುಹಾಕಿ ಬಂದಳು. ಲೋಕದಲ್ಲಿ ಚಿನ್ನ ಕದ್ದವರಿದ್ದಾರೆ, ಕೋಳಿ ಕದ್ದವರಿದ್ದಾರೆ. ದೇವರ ಮಾತನ್ನೇ ಕದ್ದವಳು ಆದಾಮನ ಕಾಲದಿಂದ ಇವಳೊಬ್ಬಳೇ.

ಎಸ್ತರಮ್ಮ ಬಂದು ಜಗಳ ಆಡುತ್ತಾಳೆಂದು ಸುನಂದ ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಕಾದಳು. ಅವಳು ಬರಲೇ ಇಲ್ಲ. ತಾವರೆ ಇವಳ ಬಾಗಿಲ ಮೇಲೆ ತೂಗುತ್ತಿತ್ತು, ಆದರೆ ಅದನ್ನು ತಲೆಯೆತ್ತಿ ನೋಡುವುದಕ್ಕೇ ಆಗುತ್ತಿರಲಿಲ್ಲ. ಬಾಗಿಲು ದಾಟುವಾಗೆಲ್ಲ ಪೊಲೀಸ್ ಠಾಣೆಯ ಮುಂದೆ ನಡೆದಂತೆ ತಲೆ ತಗ್ಗಿಸುತ್ತಿದ್ದಳು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸ್ಟೂಲು ಕಾಣುತ್ತಿತ್ತು.

ಮಾಘ ಕಳೆಯುವ ಹೊತ್ತಿಗೆ ಗೋಡೆಯಾಚೆಯಿಂದ ಟಕ್, ಟಕ್ ಎಂದು ಸದ್ದು ಕೇಳತೊಡಗಿತು. ಸುನಂದ ಕಿಟಕಿಯಿಂದ ಇಣುಕಿದಳು. ಮೂಳೆ ಕೂಡಿದೆ, ನಡೆ ಎಂದು ಡಾಕ್ಟರು ಎಷ್ಟು ಹೇಳಿದರೂ ಹೆದರಿ ಮಂಚ ಬಿಡದಿದ್ದ ದೇವದಾನಪ್ಪ ಕೋಲೂರಿಕೊಂಡು ಅಂಗಳದಲ್ಲಿ ನಡೆಯುತ್ತಿದ್ದ. ಎಸ್ತರಮ್ಮ ಪಕ್ಕದಲ್ಲಿ ನಗುತ್ತಾ ಅಳುತ್ತಾ ಇದ್ದಳು.

ಆಗ ಎದ್ದ ಉರಿಯ ಮುಂದೆ ಹಿಂದಿನ ಉರಿಗಳೆಲ್ಲ ಬೀಡಿಯ ಕಿಡಿ. "ಅದು ನನ್ನ ಎಲುಬು!" ಎಂದು ಅವಳು ಹಲ್ಲು ಕಚ್ಚಿದಳು. "ನನ್ಗೆ ಬಂದಿದ್ದ ವಾಕ್ಯ, ಅವಳ ಮನೇಲಿ ಕೆಲಸ ಮಾಡ್ತೈತೆ!" ತಾನೇ ಎಸೆದು ಬಂದದ್ದರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಮೂರನೆಯ ಬೆಳೆಯ ಹುಳುಗಳಿಗೆ ಸೊಪ್ಪು ಹಾಕುತ್ತಾ ಕೆಲವು ದಿನ ನುಂಗಿಕೊಂಡಳು. ಕದಿರೇಶ ನೆಂಟರ ಮದುವೆಗೆಂದು ಮುಳಬಾಗಿಲಿಗೆ ಹೋದ ದಿನ ತಡೆಯಲಾಗಲಿಲ್ಲ. ಚೀಟಿಗಳನ್ನು ಮತ್ತೆ ಅದಲುಬದಲು ಮಾಡಲೆಂದು ತಾವರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರೆ ಇಬ್ಬರೂ ಮನೆಯಲ್ಲೇ ಇದ್ದರು.

"ಬಾ ಸುನಂದಮ್ಮ," ಎಂದ ದೇವದಾನಪ್ಪ. "ಸ್ಟೂಲು ಅಲ್ಲೇ ಐತೆ ನೋಡು."

ಅವಳ ಮುಖ ಸುಣ್ಣವಾಯಿತು. "ಭಾವ... ನೀವು ಎದ್ದಿದ್ರಾ ಅವತ್ತು?"

"ಅಷ್ಟು ಚೆನ್ನಾಗಿ ಗೊರಕೆ ಹೊಡೆಯೋನು ನಿದ್ದೆ ಮಾಡ್ತಾನೇನಮ್ಮ?"

"ಮತ್ತೆ ಯಾಕೆ ಕೇಳ್ಲಿಲ್ಲ ಅಕ್ಕ, ನೀನಾದ್ರೂ?"

"ಏನಂತ ಕೇಳ್ಲಿ?" ಎಂದಳು ಎಸ್ತರಮ್ಮ. "ವಾಕ್ಯ ಕದಿಯೋಷ್ಟು ಹಸಿವು ಇರೋಳ ಹತ್ರ ಹೋಗಿ ವಾಪಸ್ ಕೊಡು ಅನ್ನೋದಾ? ಇರ್ಲಿ, ತಿನ್ಲಿ ಅಂದ್ಕೊಂಡೆ."

"ನಾನು ಮಾತ್ರ ಸಿಟ್ಟಾಗಿದ್ದೆ," ಎಂದ ದೇವದಾನಪ್ಪ. "ಮಲಗಿದೋನ ಕಣ್ಣೆದುರಿಗೆ ದಿನಾ ಅದೇ ಪ್ರಶ್ನೆ. ಬದುಕಬಹುದೋ, ಬದುಕಬಹುದೋ. ಒಂದಿನ ರೇಗಿ, ನೋಡೇಬಿಡಾಣ ಅಂತ ಕಾಲು ಕೆಳಗಿಟ್ಟೆ."

"ಅದು ನನ್ಗೆ ಬಂದಿದ್ದು," ಎಂದಳು ಸುನಂದ. ತಾವರೆಯ ಚೀಟಿಯನ್ನು ಸೆರಗಿನಿಂದ ತೆಗೆದು ಮಂಚದ ಮೇಲಿಟ್ಟಳು. "ನನ್ಗೂ ಒಂದಾದ್ರೂ ಬೇಕಿತ್ತು ಭಾವ."

"ತಗೊಂಡೋಗು. ಮುಂದಕ್ಕೆ ಏನೈತೆ ಅಂತ ಓದಿದ್ಯಾ?"

ಓದಿರಲಿಲ್ಲ. ಎಸ್ತರಮ್ಮ ಬೈಬಲ್ ತೆರೆದು ಓದಿದಳು. ಕಣಿವೆ ತುಂಬ ಒಣಗಿದ ಎಲುಬು. ಪ್ರವಾದಿ ನುಡಿದಾಗ ಗಲಗಲ ಸದ್ದು. ಎಲುಬಿಗೆ ಎಲುಬು ಬಂದು ಕೂಡಿಕೊಂಡವು, ಆಮೇಲೆ ಮಾಂಸ, ಚರ್ಮ, ಕೊನೆಗೆ ಉಸಿರು.

"ಕೂಡ್ಕೊಂಡ ಮೇಲೇನೇ ಉಸಿರು ಬಂದಿದ್ದು," ಎಂದ ದೇವದಾನಪ್ಪ. "ಒಂಟಿ ಎಲುಬು ಒಂದೂ ಎದ್ದಿಲ್ಲ ಕಣಮ್ಮ."

ಸುನಂದ ಮೊಳೆಯ ಮೇಲಿನ ಚೀಟಿಗೆ ಕೈ ಚಾಚಿದಳು. ಅಷ್ಟರಲ್ಲಿ ಎಸ್ತರಮ್ಮ ಅವಳ ತೋಳನ್ನು ನೋಡಿ ಚೀರಿದಳು. "ಲೇ, ಹಣ್ಣು ಹುಳ!"

ತೋಳಿನ ಮೇಲೆ ಹಳದಿ ತಿರುಗಿದ ಒಂದು ಹುಳು ತಲೆಯೆತ್ತಿ ಆಡಿಸುತ್ತಿತ್ತು. ಗೂಡು ಕಟ್ಟುವ ಹದಕ್ಕೆ ಹಣ್ಣಾದ ಹುಳು ಕಾಯುವುದಿಲ್ಲ. ಕೂಡಲೇ ಆರಿಸಿ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ಗೂಡು ಕಟ್ಟಿ ಬೆಳೆಯೆಲ್ಲ ಹಾಳು. ಸುನಂದ ಓಡಿಹೋಗಿ ಹುಳುಮನೆಯ ಬಾಗಿಲು ತಳ್ಳಿದರೆ ಇಡೀ ಬೆಳೆ ಒಮ್ಮೆಲೇ ಹಣ್ಣಾಗಿತ್ತು. ಊರಿನ ಅಷ್ಟೂ ಜನ ಬಂದರೂ ಸಾಲದಷ್ಟು ಹುಳು, ಮನೆಯಲ್ಲಿ ಇರುವುದು ಎರಡೇ ಕೈ.

"ಸತ್ತೆ," ಎಂದು ಅವಳು ಕುಸಿದಳು. "ಇದೂ ಹೋಯ್ತು."

ಬೆನ್ನ ಹಿಂದೆ ಟಕ್, ಟಕ್ ಕೇಳಿತು. ಕರೆಯದೇ ಬಂದಿದ್ದರು. ದೇವದಾನಪ್ಪ ಸ್ಟೂಲನ್ನು ಹೆಂಡತಿಯ ಕೈಯಲ್ಲಿ ಹೊರಿಸಿಕೊಂಡು ಬಂದು, ಅದರ ಮೇಲೆ ಕೂತು, ಹುಳು ಆರಿಸತೊಡಗಿದ. ಎಸ್ತರಮ್ಮ ಸೆರಗು ಸಿಕ್ಕಿಸಿ ಹುಳು ಸಾಕುವ ತಟ್ಟೆಗಳ ನಡುವೆ ಇಳಿದಳು.

ಕೈಗಳು ಆಡಿದವು. ಚಂದ್ರಿಕೆಗಳು ಒಂದೊಂದಾಗಿ ತುಂಬಿದವು. ಹೊತ್ತು ಇಳಿಯುವಾಗ ಹುಳುಗಳು ನೂಲು ಬಿಡುವ ಮೆಲ್ಲನೆಯ ಸರಸರ ಸದ್ದು ಕೋಣೆಯೆಲ್ಲ ತುಂಬಿಕೊಂಡಿತು. ಸುನಂದ ಕೈ ನಿಲ್ಲಿಸಿ ಆಲಿಸಿದಳು. ದೇವರು ಗೋಡೆಯ ಈಚೆ ನೋಡಿದ್ದ. ನೋಡುವುದಕ್ಕೆ ಆಚೆಯವರ ಕಣ್ಣನ್ನೇ ಕಳಿಸಿದ್ದ.

"ತಪ್ಪಾಯ್ತು ಅಕ್ಕ," ಎಂದಳು.

"ಹುಳ ಆರ್ಸು ಮೊದ್ಲು," ಎಂದಳು ಎಸ್ತರಮ್ಮ.

ಸುನಂದಳಿಗೇ ತಿಳಿಯದೆ ಅವಳ ಬಾಯಲ್ಲೊಂದು ಕೀರ್ತನೆ ಬಂತು. ಮೊದಲ ಸಾಲು ಒಣಗಿದ ಗಂಟಲಲ್ಲಿ ಕಿರುಗುಟ್ಟಿತು, ಎರಡನೆಯದಕ್ಕೆ ಉಸಿರು ಬಂತು. ಆಚೆ ತಟ್ಟೆಯಿಂದ ಎಸ್ತರಮ್ಮ ದನಿ ಕೂಡಿಸಿದಳು, ಒಂದು ಸ್ವರ ಮೇಲೆ.

ಒಂದು ಸ್ವರ ಮೇಲೆ! ಸುನಂದಳ ಹೊಟ್ಟೆಯಲ್ಲಿ ಹಳೆಯ ಕಿಡಿ ಚುರ್ ಎಂದಿತು. ಬಿಟ್ಟಾಳೆಯೇ? ಅದಕ್ಕಿಂತ ಮೇಲಕ್ಕೆ ಹೋದಳು. ಎಸ್ತರಮ್ಮ ಇನ್ನೂ ಮೇಲಕ್ಕೆ. ಭಾನುವಾರದ ಆರಾಧನೆಯಲ್ಲೂ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಾಗೆಯೇ ಹಾಡಿದರು. ಟೇಕಲ್ಲಿನಲ್ಲಿ ನಿಂತಿದ್ದ ರೈಲು, ಸಿಗ್ನಲ್ ಬಿದ್ದರೂ, ಹಾಡು ಮುಗಿಯುವವರೆಗೆ ಹೊರಡಲಿಲ್ಲವಂತೆ.