ನಲವತ್ತಮೂರಕ್ಕೆ ನಿಂತ ಡಿಸ್ಕು

ತಮ್ಮ ಬಾಯಿಬಿಟ್ಟು ಏನನ್ನೂ ಕೇಳುವವನಲ್ಲ. ಶನಿವಾರ ಮಧ್ಯಾಹ್ನ, ಆಸ್ಪತ್ರೆಗೆ ಒಯ್ಯಬೇಕಾದ ಬಟ್ಟೆ ಮಡಚುತ್ತ ಅಕ್ಕ ಮೂರು ಸಲ ಕೇಳಿದ ಮೇಲೆ, ಗೋಡೆಯ ಕಡೆ ಮುಖಮಾಡಿಕೊಂಡೇ ಹೇಳಿದ.

"ಆ ದೋಣಿ ಆಟ ಸಿಗುತ್ತೇನೋ ನೋಡಕ್ಕ. ಮುಗಿಸೋಕೇ ಆಗ್ಲಿಲ್ಲ."

ಅಕ್ಕನ ಕೈ ಅಲ್ಲೇ ನಿಂತಿತು. ಆಟ ಮುಗಿಯದೆ ಹೋದದ್ದು ಅವಳಿಂದಲೇ. ಹದಿನಾರು ವರ್ಷದ ಹಿಂದೆ, ತನ್ನ ಪರೀಕ್ಷೆಯ ಹಿಂದಿನ ದಿನ, ಟೀವಿಯ ಸದ್ದು ಕಡಿಮೆ ಮಾಡೆಂದರೂ ಕೇಳದ ತಮ್ಮನ ಮೇಲೆ ಸಿಟ್ಟು ನೆತ್ತಿಗೇರಿ, ಆಟದ ಯಂತ್ರದಿಂದ ಡಿಸ್ಕು ಕಿತ್ತು ಸಿಮೆಂಟು ನೆಲಕ್ಕೆ ಎಸೆದು ಕಾಲಿನಿಂದ ತಿಕ್ಕಿದ್ದಳು. ಹತ್ತು ವರ್ಷದವನು ಅಪ್ಪನ ಮುಂದೆ ತನ್ನ ಕೈಯಿಂದಲೇ ಜಾರಿತೆಂದು ಹೇಳಿ ಬೈಸಿಕೊಂಡಿದ್ದ. ಆಮೇಲೆ ಒಂದು ದಿನವೂ ಅವಳನ್ನು ಚುಚ್ಚಿ ಮಾತಾಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಆಸ್ಪತ್ರೆಯ ಗಾಜಿನ ಕೋಣೆಗೆ ಸೇರಿಸಿಕೊಳ್ಳುವವರಿದ್ದರು. ಮೂಳೆಯೊಳಗಿನ ಕೆಟ್ಟ ಮಜ್ಜೆಯನ್ನು ಮದ್ದಿನಿಂದ ಸುಟ್ಟು ಬೇರೆಯವರ ಮಜ್ಜೆ ಹಾಕುವ ಚಿಕಿತ್ಸೆ. ಸೋಂಕು ತಗುಲದಂತೆ ಐದು ವಾರ ಮನೆಯವರಾರೂ ಒಳಗೆ ಹೋಗುವಂತಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದ ಸಾಮಾನು ಮಾತ್ರ, ಅದೂ ಮೊದಲ ದಿನವೇ, ಒಳಗೆ ಹೋಗಬಹುದು. ಪ್ರೆಸ್ಸಿನಲ್ಲಿ ಅವನ ಜೊತೆ ಮಷಿನ್ ಓಡಿಸುವ ಗೆಳೆಯರು ಕೈಯಲ್ಲಿ ಹಿಡಿದು ಆಡುವ ಒಂದು ಪುಟ್ಟ ಯಂತ್ರವನ್ನು ಕೊಟ್ಟಿದ್ದರು. ಅದಕ್ಕೆ ಡಿಸ್ಕು ಹಾಕುವ ಜಾಗವೇ ಇಲ್ಲ. ಡಿಸ್ಕಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿ, ಒಂದೇ ಫೈಲು ಮಾಡಿ, ಉಗುರಿನಷ್ಟು ಗಾತ್ರದ ಕಾರ್ಡಿಗೆ ತುಂಬಬೇಕು.

ಅಟ್ಟದ ಡಬ್ಬಿಯಲ್ಲಿ ಡಿಸ್ಕು ಸಿಕ್ಕಿತು. ಹೊಳೆಯುವ ಕೆಳಮೈ ತುಂಬ ಗೀರು. ಅಕ್ಕ ಕನ್ನಡಕದಂಗಡಿಯ ಹಿಂಬದಿಯಲ್ಲಿ ಲೆನ್ಸು ಉಜ್ಜುವವಳು. ಅಂಗಡಿಯ ಯಜಮಾನರನ್ನು ಬೇಡಿಕೊಂಡು ಅಲ್ಲಿಯ ಹಳೇ ಕಂಪ್ಯೂಟರಿನ ಮುಂದೆ ಕೂತಳು. ಡಿಸ್ಕು ಕರಕರ ತಿರುಗಿತು. ಹತ್ತು, ಇಪ್ಪತ್ತು, ನಲವತ್ತು... ನೂರಕ್ಕೆ ನಲವತ್ತಮೂರು ಭಾಗಕ್ಕೆ ಬಂದು ನಿಂತೇಬಿಟ್ಟಿತು. ಮತ್ತೆ ಮೊದಲಿಂದ. ಮತ್ತೆ ನಲವತ್ತಮೂರು. ನೆಟ್‌ನಲ್ಲೂ ಹುಡುಕಿದಳು, ಸಿಕ್ಕ ಒಂದೇ ಒಂದು ಪ್ರತಿಯಲ್ಲಿದ್ದ ಯಾವುದೋ ಬೇರೆ ದೇಶದ ಅಕ್ಷರಗಳನ್ನು ಅವಳಾಗಲಿ ಅವನಾಗಲಿ ಓದುವಂತಿರಲಿಲ್ಲ.

ಟೀವಿ ರಿಪೇರಿಯ ಮುದುಕರೊಬ್ಬರಿಗೆ ತೋರಿಸಿದಳು. ಚಿತ್ರ ಅಂಟಿಸಿದ ಮೇಲ್ಮೈಗೆ ಗೀರು ಬಿದ್ದಿದ್ದರೆ ಮುಗಿಯಿತು, ಆಟ ಇರುವುದೇ ಆ ಪದರದಲ್ಲಿ. ಕೆಳಮೈಯದು ಬರೀ ಪ್ಲಾಸ್ಟಿಕ್, ಉಜ್ಜಿದರೆ ಹೋದರೂ ಹೋಗಬಹುದು ಎಂದರು. ಗಾಲಿ ಸುತ್ತಿದಂತೆ ಸುತ್ತ ಉಜ್ಜಬೇಡ, ನಡುವಿನಿಂದ ಅಂಚಿಗೆ ನೇರವಾಗಿ ಎಳೆ ಎಂದೂ ಹೇಳಿದರು. ವಯಸ್ಸಾಗಿ ತಮಗೆ ಕೈ ನಡುಗುತ್ತದೆಂದು ಡಿಸ್ಕನ್ನು ವಾಪಸು ಕೊಟ್ಟರು.

ಭಾನುವಾರ ಅಂಗಡಿಗೆ ರಜೆ. ಯಜಮಾನರು ಗೊಣಗುತ್ತಲೇ ಬಂದು ಬೀಗ ತೆಗೆದರು. ಲೆನ್ಸು ಉಜ್ಜುವ ಮಷಿನ್‌ಗೆ ಕೊಟ್ಟರೆ ಬಿಸಿಗೆ ಡಿಸ್ಕು ಬಾಗಬಹುದೆಂದು ಅಕ್ಕ ಪ್ಲಾಸ್ಟಿಕ್ ಲೆನ್ಸಿಗೆ ಹಚ್ಚುವ ಬಿಳಿ ಪಾಲಿಶನ್ನು ಮೆತ್ತನೆ ಬಟ್ಟೆಗೆ ತಗುಲಿಸಿ ಕೈಯಲ್ಲೇ ಶುರುಮಾಡಿದಳು. ನಡುವಿನಿಂದ ಅಂಚಿಗೆ. ಒತ್ತಿದರೆ ಹೊಸ ಗೀರು, ಒತ್ತದಿದ್ದರೆ ಹಳೇದು ಹೋಗದು. ಒಂದು ಗಂಟೆಗೆ ಹೆಬ್ಬೆರಳು ಮರಗಟ್ಟಿತು.

"ಮೂವತ್ತು ವರ್ಷದಲ್ಲಿ ಕಣ್ಣೇ ಇಲ್ದಿರೋ ಗಿರಾಕಿ ಇದೇ ಮೊದ್ಲು," ಎಂದರು ಯಜಮಾನರು. ಅವಳು ನಗಲಿಲ್ಲ. ಅವರು ಇನ್ನೊಂದು ಬಟ್ಟೆ ನೆನೆಸಿಕೊಟ್ಟರು. ಅವಳ ಕೈ ಸೋತಾಗ ಡಿಸ್ಕು ಇಸಿದುಕೊಂಡು ತಾವೇ ಎಳೆದರು.

ಮಧ್ಯಾಹ್ನ ಮತ್ತೆ ಹಾಕಿದಳು. ನಲವತ್ತಮೂರು. ಅವಳು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ನಲವತ್ತನಾಲ್ಕು. ಅಲ್ಲಿಂದ ಆಮೆಯ ಹಾಗೆ ತೆವಳುತ್ತ ಎಪ್ಪತ್ತೊಂದಕ್ಕೆ ಬಂದು ಮತ್ತೆ ನಿಂತಿತು. ಓದಲಾಗದ ಭಾಗವನ್ನು ಬಿಟ್ಟು ಮುಂದೆ ಹೋಗಲೇ ಎಂದು ಪರದೆ ಕೇಳಿತು. ಇನ್ನೊಂದು ಸಲ ಉಜ್ಜಲು ಅವಳ ಬೆರಳಲ್ಲಿ ಜೀವವಿರಲಿಲ್ಲ, ಸಂಜೆಗೆ ತಮ್ಮನ ರಕ್ತಪರೀಕ್ಷೆಗೂ ಓಡಬೇಕಿತ್ತು. ಕಣ್ಣುಮುಚ್ಚಿ ಹೂಂ ಒತ್ತಿದಳು.

ಇಳಿದದ್ದು ಎರಡು ಫೈಲು: ಒಂದು ಆಟದ ದೊಡ್ಡ ಗಂಟು, ಇನ್ನೊಂದು ಆ ಗಂಟಿನಲ್ಲಿ ಯಾವುದು ಎಲ್ಲಿದೆ ಎಂದು ಹೇಳುವ ಪುಟ್ಟ ಚೀಟಿ. ಚೆನ್ನಾಗಿ ಕಾಣಲೆಂದು ದೊಡ್ಡದಕ್ಕೆ 'ತಮ್ಮನ ದೋಣಿ' ಎಂದು ಹೆಸರಿಟ್ಟಳು. ಅಷ್ಟಕ್ಕೇ ಎಲ್ಲ ಕೆಟ್ಟಿತು. ಎರಡನ್ನೂ ಒಂದುಮಾಡುವ ಪ್ರೋಗ್ರಾಮು ಫೈಲೇ ಇಲ್ಲ ಎಂದು ಹಟ ಹಿಡಿಯಿತು. ಅಷ್ಟು ಉಜ್ಜಿದ್ದೆಲ್ಲ ನೀರಿಗೆ ಹೋಯಿತೆಂದು ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು. ಯಜಮಾನರು ಕನ್ನಡಕ ಏರಿಸಿ ಆ ಚೀಟಿಯನ್ನು ತೆರೆಸಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು. ಅದರಲ್ಲಿ ಇನ್ನೂ ಹಳೇ ಹೆಸರೇ ಇತ್ತು.

"ಇದಕ್ಕೆ ಮದುವೆ ಮಾಡಿ ಹೆಸರು ಬದಲಾಯ್ಸಿದೀಯ, ಚೀಟೀಲಿ ಬದಲಾಯ್ಸಿಲ್ಲ ನೀನು. ಕಾಗದ ಹೇಗಮ್ಮ ತಲುಪುತ್ತೆ?"

ಹೆಸರು ತಿದ್ದಿದಳು. ಎರಡೂ ಸೇರಿ ಒಂದಾದವು. ಕಾರ್ಡಿಗೆ ತುಂಬಿ ಹಾಕಿದಾಗ ಪುಟ್ಟ ಯಂತ್ರದಲ್ಲಿ ದೋಣಿಯೂ ಮುಳುಗಿದ ಊರೂ ಮೂಡಿ, ಅವಳನ್ನು ಅಂದು ರೇಗಿಸಿದ್ದ ಅದೇ ಸಂಗೀತ ಶುರುವಾಯಿತು.

ಸೋಮವಾರ ನರ್ಸು ಅದನ್ನು ಒರೆಸಿ ಒಯ್ದಳು. ನಾಲ್ಕು ದಿನ ತಮ್ಮ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ಐದನೆಯ ದಿನ ಮದ್ದಿನಿಂದ ಬಾಯಲ್ಲೆಲ್ಲ ಹುಣ್ಣಾಗಿ ಮಾತು ನಿಂತಿತು. ಅಂದೇ ಫೋನಿಗೆ ಸಂದೇಶ ಬಂತು: "ಅಣೆಕಟ್ಟಿನ ಬಾಗಿಲು ತೆರೆಯೋ ಹೊತ್ತಿಗೆ ನಿಂತುಹೋಗುತ್ತೆ. ಹತ್ತು ಸಲ ನೋಡ್ದೆ. ಪರವಾಗಿಲ್ಲ ಬಿಡು."

ಆ 'ಪರವಾಗಿಲ್ಲ' ಎಂಬುದನ್ನು ಅವಳು ಮತ್ತೆ ಮತ್ತೆ ಓದಿದಳು. ತಾನು ಬಿಟ್ಟು ಮುಂದೆ ಹೋದ ಭಾಗವೇ ಅದು. ಕಾರ್ಡನ್ನು ಈಗ ಹೊರಗೆ ತರಿಸುವಂತಿಲ್ಲ. ಅವಳಿಗೆ ತೋಚಿದ್ದು ಒಂದೇ: ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರತಿಯನ್ನು ತಾನೇ ಆಡುತ್ತ ಅಣೆಕಟ್ಟಿನವರೆಗೆ ಹೋಗಿ, ದಾಟುವ ದಾರಿ ಹುಡುಕುವುದು. ಜನ್ಮದಲ್ಲಿ ಆಟ ಆಡಿದವಳಲ್ಲ. ಊಟದ ಹೊತ್ತಿನಲ್ಲೆಲ್ಲ ಕೂತು ದೋಣಿ ಮುಳುಗಿಸಿದಳು. ಅತ್ತ ತಮ್ಮನಿಗೆ ಜ್ವರ ನೂರ ನಾಲ್ಕಕ್ಕೆ ಏರಿತ್ತು. ಅವಳ ಸಂದೇಶಗಳು ಓದದೆ ಬಿದ್ದಿದ್ದವು. ಗಾಜಿನಾಚೆ ಹೊದಿಕೆಯ ಕೆಳಗೆ ಪಾದದ ಆಕಾರ ಮಾತ್ರ ಕಾಣುತ್ತಿತ್ತು. ಡಾಕ್ಟರು ಅವಳ ಮುಖ ತಪ್ಪಿಸಿ ಮಾತಾಡಿದರು. ಮರುದಿನ ಅವಳು ಮತ್ತೆ ಅಂಗಡಿಗೆ ಬಂದು ಆಡಿದಳು. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ.

ಆಡತೊಡಗಿದ ಆರನೆಯ ದಿನಕ್ಕೆ ಅಣೆಕಟ್ಟು ಮುಟ್ಟಿದಳು. ಬಾಗಿಲು ತೆರೆಯುವ ಚಿತ್ರ ಶುರುವಾಗಿ ಅಲ್ಲೇ ಕಲ್ಲಾಯಿತು. ಸಿಕ್ಕಿದ ಗುಂಡಿಯನ್ನೆಲ್ಲ ಒತ್ತುತ್ತ ಹೋದಳು. ಕೊನೆಗೆ, ಚಿತ್ರ ಮೂಡುವ ಮೊದಲೇ, ಪರದೆ ಕಪ್ಪಾದ ಕ್ಷಣದಲ್ಲೇ ಆಟ ಶುರುಮಾಡುವ ಗುಂಡಿ ಒತ್ತಿದಾಗ ಚಿತ್ರ ಹಾರಿಹೋಗಿ ದೋಣಿ ಅಣೆಕಟ್ಟಿನಾಚೆ ತೇಲುತ್ತಿತ್ತು.

ಬರೆದು ಕಳಿಸಿದಳು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಗಾಜಿನ ಹತ್ತಿರ ನಿಂತಾಗ ನರ್ಸು ಅವನ ದಿಂಬು ಎತ್ತರಿಸಿ, ಒಳಗಿನ ಫೋನನ್ನು ಅವನ ಕಿವಿಗಿಟ್ಟಳು; ಅಕ್ಕ ಹೊರಗಿನದನ್ನು ಎತ್ತಿಕೊಂಡಳು. ಅವನ ಗಂಟಲಿನಿಂದ ಮಾತು ತುಂಡುತುಂಡಾಗಿ ಬಂತು.

"ನೀನು ಆಡ್ದ್ಯಾ?"

"ಹೂಂ."

"ಎಷ್ಟು ಸಲ ಮುಳುಗ್ದೆ?"

"ಲೆಕ್ಕ ಇಟ್ಟಿಲ್ಲ."

ಅವನ ಹೆಗಲು ಅಲುಗಿತು. ನಗುತ್ತಿದ್ದಾನೆಂದು ಅವಳಿಗೆ ಆಮೇಲೆ ತಿಳಿಯಿತು.

ಆ ವಾರದ ಕೊನೆಗೆ ಜ್ವರ ಇಳಿಯಿತು. ಐದು ವಾರ ಎಂದದ್ದು ಏಳಾಯಿತು. ನಲವತ್ತೊಂಬತ್ತನೆಯ ದಿನ ಅವನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಆಟ ಮುಗಿದಿತ್ತು. ಕೊನೆ ಅಷ್ಟೇನೂ ಚೆನ್ನಾಗಿಲ್ಲ, ಆಟ ಮಾಡಿದವರ ಹೆಸರು ಬಂದು ಹೋಗುತ್ತೆ ಅಷ್ಟೇ ಎಂದ ತಮ್ಮ. ಹೊಸ ಮಜ್ಜೆ ನಿಲ್ಲುತ್ತದೋ ಇಲ್ಲವೋ ಈಗಲೇ ಹೇಳಲಾಗದು, ನೂರನೆಯ ದಿನದ ಪರೀಕ್ಷೆ ಬರಲಿ ಎಂದರು ಡಾಕ್ಟರು. ಅಕ್ಕ ಅವನ ಕಾಲಿಗೆ ಚಪ್ಪಲಿ ತೊಡಿಸಿದಳು. ಅವನ ಕಾಲ್ಬೆರಳುಗಳು ಊದಿಕೊಂಡಿದ್ದವು, ಪಟ್ಟಿ ಸಡಿಲ ಮಾಡಬೇಕಾಯಿತು.