ಬಲಕ್ಕೆ ಬಿದ್ದ ಗುಂಡು

ಆ ಪೆಟ್ಟಿಗೆ ನಮ್ಮ ಹೋಟೆಲಿಗೆ ಬಂದಾಗಿನಿಂದ ನನಗೆ ಸೊಂಟನೋವು. ಪೆಟ್ಟಿಗೆಗೂ ಸೊಂಟಕ್ಕೂ ಏನೇ ಸಂಬಂಧ ಎಂದು ನಮ್ಮವರು ಕೇಳುತ್ತಾರೆ. ಅವರಿಗೇನು, ಗಲ್ಲಾದಲ್ಲಿ ಕೂತು ಕೇಳುತ್ತಾರೆ. ಅದನ್ನು ಆಡುವವರು ಬೆಳಗಿನಿಂದ ನಿಂತಿರುತ್ತಾರೆ, ನಿಂತವರಿಗೆಲ್ಲ ಕಾಫಿ ಬೇಕು, ಆ ಲೋಟಗಳನ್ನೆಲ್ಲ ಬಗ್ಗಿ ತೊಳೆಯುವವಳು ನಾನು.

ಹುಣಸೂರಿನ ಬಸ್ ನಿಲ್ದಾಣದ ಎದುರಿಗೇ ನಮ್ಮ ಹೋಟೆಲು. ರಾಜ್ಯ ಒಂದಾದ ವರ್ಷ, ಕೊಡಗಿನಲ್ಲಿ ಕಾಫಿ ತೋಟದ ಬಿಳಿ ದೊರೆಯೊಬ್ಬ ಸಾಮಾನೆಲ್ಲ ಮಾರಿ ತನ್ನ ಸೀಮೆಗೆ ಹೊರಟಿದ್ದಾನೆಂದು ಸುದ್ದಿ ಬಂತು. ನಮ್ಮವರು, ಅಂದರೆ ಶಿವನಂಜಪ್ಪನವರು, ಒಳ್ಳೆಯ ಕಬ್ಬಿಣದ ಒಲೆ ತರುತ್ತೇನೆ ಎಂದು ಹೋದವರು ಇದನ್ನು ಲಾರಿಗೆ ಹಾಕಿಸಿಕೊಂಡು ಬಂದರು. ನಾಲ್ಕು ಕಾಲು, ಮೇಲೆ ಗಾಜು, ಗಾಜಿನ ಕೆಳಗೆ ಓರೆಯಾದ ಹಲಗೆ, ಹಲಗೆ ತುಂಬ ಹಿತ್ತಾಳೆ ಮೊಳೆ. ಒಂದಾಣೆ ಹಾಕಿ ಹಿಡಿ ಎಳೆದು ಬಿಟ್ಟರೆ ಒಳಗಿನ ಸ್ಪ್ರಿಂಗು ಕಬ್ಬಿಣದ ಗುಂಡನ್ನು ಮೇಲಕ್ಕೆ ಹೊಡೆಯುತ್ತದೆ. ಅದು ಮೊಳೆಯಿಂದ ಮೊಳೆಗೆ ಟಣಟಣ ತಾಕುತ್ತ ಇಳಿದು, ಕೆಳಗೆ ಬಲಗಡೆಯ ಗುಳಿಗೋ ಎಡಗಡೆಯ ಗುಳಿಗೋ ಬೀಳುತ್ತದೆ. ಅಷ್ಟೇ ಆಟ.

"ಒಲೆ ಎಲ್ರೀ?" ಅಂದೆ.

"ಸುಮ್ನಿರೇ ಸರ್ವಮಂಗಳ, ಜನ ಹೆಂಗೆ ಮುಗಿಬೀಳ್ತಾರೆ ನೋಡ್ತಿರು" ಅಂದರು.

ಮುಗಿಬಿದ್ದರು, ಸುಳ್ಳು ಹೇಳಬಾರದು. ಒಲೆ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ಬರೀ ಆಟವಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಒಂದು ಸಂತೆಯ ದಿನ ಕಟ್ಟೆಮಳಲವಾಡಿಯ ಚಿಕ್ಕಬಸಪ್ಪ ಎತ್ತು ಕೊಳ್ಳಲೋ ಬೇಡವೋ ಎಂದು ಗೊಣಗುತ್ತಲೇ ಹಿಡಿ ಎಳೆದ. ಗುಂಡು ಬಲಕ್ಕೆ ಬಿತ್ತು. "ಬಲಕ್ಕೆ ಕೊಡ್ತು ಕಣ್ರಲಾ!" ಎಂದು ಕೂಗಿದ. ಗುಡಿಯಲ್ಲಿ ನಾವು ಹೂ ಕೇಳುವುದಿಲ್ಲವೇ, ದೇವರ ಬಲಗಡೆಯ ಹೂ ಬಿದ್ದರೆ ಕೆಲಸ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ ಅಂತ, ಹಾಗೆ. ಅವನು ಎತ್ತು ಕೊಂಡ. ಎತ್ತು ಚೆನ್ನಾಗಿ ಉತ್ತಿತು. ಅಲ್ಲಿಗೆ ಮುಗಿಯಿತು. ಮಾರನೆಯ ಸಂತೆಯಿಂದ ಚಪ್ಪಲಿ ಬಿಟ್ಟು ಬಂದು ಪೆಟ್ಟಿಗೆಗೆ ಕೈಮುಗಿಯುವವರೇನು, ಗಾಜಿಗೆ ಕುಂಕುಮ ಹಚ್ಚುವವರೇನು! ಬೆಳಗ್ಗೆ ಲಿಂಗಪೂಜೆ ಮಾಡದೆ ಒಲೆ ಹಚ್ಚದ ನನಗೆ, ಯಾವನೋ ದೊರೆ ಬಿಟ್ಟುಹೋದ ಆಟದ ಸಾಮಾನಿನ ಕುಂಕುಮ ಒರೆಸುವ ಕರ್ಮವೂ ಬಂತಲ್ಲ ಶಿವನೇ.

ಇದರ ಮೇಲೆ ನಮ್ಮ ಹೋಟೆಲಿನ ನೆಲ ಎಡಗಡೆ ಮೋರಿಯ ಕಡೆಗೆ ಇಳಿಜಾರು. ನೀರು ಹಾಕಿ ತೊಳೆಯುವ ನನಗೆ ಅದು ಗೊತ್ತು. ಗುಂಡು ಹೆಚ್ಚಾಗಿ ಎಡಕ್ಕೇ ಬೀಳುತ್ತಿತ್ತು. ಜನ ಬಿಡುತ್ತಾರೆಯೇ? ಬಲಕ್ಕೆ ಬೀಳುವ ತನಕ ಆಣೆ ಹಾಕುತ್ತಲೇ ಇರುತ್ತಿದ್ದರು. ಕಾಲಿನ ಕೆಳಗೆ ಒಂದು ಚಕ್ಕೆ ಕೊಟ್ಟು ಮಟ್ಟ ಮಾಡಿ ಅಂದರೆ ನಮ್ಮವರಿಗೆ ಆಗ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಸಿದ್ದಯ್ಯ ಬರತೊಡಗಿದ. ಚುಂಚನಕಟ್ಟೆಯ ಕಡೆಯ ಭತ್ತದ ಗದ್ದೆಯವನು, ಹೆಂಡತಿ ತೀರಿಕೊಂಡಿದ್ದಳು. ಕೆ.ಆರ್. ನಗರದ ಬಸ್ಸಿನಲ್ಲಿ ಬಂದು ಇಳಿಯುವನು. ಹೆಗ್ಗಡದೇವನಕೋಟೆಗೆ ಹೋಗಬೇಕಾದರೆ ನಮ್ಮೂರಿನಲ್ಲಿ ಬಸ್ಸು ಬದಲಾಯಿಸಬೇಕಲ್ಲ. ಕೋಟೆ ಬಸ್ಸು ಹೊರಡುವುದಕ್ಕೆ ಮುಂಚೆ ನಮ್ಮಲ್ಲಿಗೆ ಬಂದು, ಕಾಫಿ ಕುಡಿದು, ಪೆಟ್ಟಿಗೆಗೆ ಒಂದಾಣೆ ಹಾಕುವನು. ಗುಂಡು ಎಡಕ್ಕೆ ಬೀಳುವುದು. ಟವಲ್ಲು ಕೊಡವಿಕೊಂಡು ಎದ್ದು, ಬಂದ ಬಸ್ಸಿನಲ್ಲೇ ವಾಪಸ್ಸು ಊರಿಗೆ. ಬೇರೆಯವರ ಹಾಗೆ ಇನ್ನೊಂದು ಆಣೆ ಹಾಕಿದ್ದನ್ನು ನಾನು ಕಾಣೆ.

ಮೂರನೆಯ ಸಲ ಹೀಗೆ ಮಾಡಿದಾಗ ನನಗೆ ತಡೆಯಲಾಗಲಿಲ್ಲ. "ಏನು ಸಿದ್ದಯ್ನೋರೆ, ಅಷ್ಟು ದೂರದಿಂದ ಬಂದು ಕಾಫಿ ಕುಡಿದು ಹೋಗ್ತೀರಲ್ಲ, ನಿಮ್ಮೂರಲ್ಲಿ ಕಾಫಿ ಇಲ್ವಾ?" ಎಂದೆ.

"ಮಗಳು ಕೋಟೇಲವ್ಳೆ ಕಣವ್ವ" ಎಂದ. ಆಮೇಲೆ ಬಿಟ್ಟು ಬಿಟ್ಟು ಹೇಳಿದ. ಮಗಳು ಚಾಮುಂಡಮ್ಮ, ಒಬ್ಬಳೇ ಮಗಳು, ನಾಟಾ ಡಿಪೋದಲ್ಲಿ ಮರ ಕುಯ್ಯುವ ಮಲಯಾಳಿಯವನ ಜತೆ ಹೊರಟುಹೋಗಿದ್ದಳು. ಇವನು ಊರವರೆದುರಿಗೆ, ಅವಳು ಸತ್ತಳು ಎಂದು ತಲೆಯ ಮೇಲೆ ನೀರು ಹುಯ್ದುಕೊಂಡಿದ್ದ. ಈಗ ಅವಳು ಬಸುರಿ, ಅಪ್ಪನನ್ನು ನೋಡಬೇಕು ಅಂತ ಲಾರಿಯವರ ಕೈಲಿ ಹೇಳಿ ಕಳಿಸುತ್ತಲೇ ಇದ್ದಳು.

"ಓಗೋಣ ಅಂತಾನೇ ಒರಡ್ತೀನಿ. ಎಡಕ್ಕೆ ಬೀಳ್ತದಲ್ಲ, ಏನ್ ಮಾಡ್ಲಿ? ದ್ಯಾವ್ರು ಬ್ಯಾಡ ಅಂತಾನೆ."

ಅಯ್ಯೋ ನಿನ್ನ ಮನೆ ಕಾಯ, ಅದು ದೇವರಲ್ಲ, ನಮ್ಮ ಮೋರಿ ಎಂದು ಬಾಯಿಗೆ ಬಂದಿತ್ತು. ಗಲ್ಲಾದಿಂದ ನಮ್ಮವರು ಕಣ್ಣು ಬಿಟ್ಟರು. ನುಂಗಿಕೊಂಡೆ. ಆದರೆ ಆವತ್ತು ರಾತ್ರಿ ಮೈಕೈ ನೋವಿಗಿಂತ ಅದೇ ಹೆಚ್ಚಾಗಿ ಕಾಡಿತು. ನಾನು ಎರಡನೆಯದನ್ನು ಹೆತ್ತಾಗ ನಮ್ಮಪ್ಪ ಪಿರಿಯಾಪಟ್ಟಣದಿಂದ ಗಾಡಿ ಕಟ್ಟಿಕೊಂಡು ಬಂದು, ಕಾಲೂ ತೊಳೆಯದೆ, ಬಾಗಿಲಲ್ಲೇ ನಿಂತು "ಎಲ್ಲವ್ವಾ ಮಗ, ತೋರ್ಸು" ಎಂದಿದ್ದರು. ಆ ಹುಡುಗಿ ದಿನಾ ಬಾಗಿಲು ನೋಡುತ್ತ ಕೂತಿರುತ್ತಾಳೆ, ಇಲ್ಲಿ ನಮ್ಮ ಮೋರಿ ಅವಳಪ್ಪನನ್ನು ವಾಪಸ್ಸು ಕಳಿಸುತ್ತದೆ. ಇದಕ್ಕಿಂತ ಪಾಪ ಇದೆಯೇ?

ಸಿದ್ದಯ್ಯ ಮತ್ತೆ ಬಂದಾಗ ನಮ್ಮವರು ಹಾಲಿನವನ ಹತ್ತಿರ ಜಗಳಕ್ಕೆ ಹೋಗಿದ್ದರು. ಅವನು ಕಾಫಿ ಕುಡಿಯುವಷ್ಟರಲ್ಲಿ ಸೌದೆಯ ಚಕ್ಕೆಯೊಂದನ್ನು ತಂದು, ನೆಲ ಗುಡಿಸುವವಳ ಹಾಗೆ ಬಗ್ಗಿ, ಪೆಟ್ಟಿಗೆಯ ಎಡಗಾಲಿನ ಕೆಳಗೆ ಒತ್ತಿದೆ. ಸೊಂಟ ಕಳಕ್ಕೆಂದಿತು. ಹಾಳಾಗಿಹೋಗಲಿ ಎಂದುಕೊಂಡು ದೋಸೆಕಲ್ಲಿನ ಮುಂದೆ ಬಂದು ನಿಂತೆ.

ಸಿದ್ದಯ್ಯ ಆಣೆ ಹಾಕಿದ. ಹಿಡಿ ಎಳೆದು ಬಿಟ್ಟ. ಗುಂಡು ಮೇಲಕ್ಕೆ ಹೋಗಿ ಟಣಟಣ ಇಳಿಯಿತು, ಒಂದು ಮೊಳೆಯ ಮೇಲೆ ಕೂತುಬಿಡುತ್ತದೇನೋ ಅನ್ನುವ ಹಾಗೆ ತಡವರಿಸಿ ಬಲಕ್ಕೆ ಬಿತ್ತು.

ನಾನು ಅವನ ಮುಖ ನೋಡಿದೆ. ಸಂತೋಷ ಪಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಇಳಿದುಹೋಯಿತು. ಗುಳಿಯಲ್ಲಿದ್ದ ಗುಂಡನ್ನು ನೋಡಿದ. ಆಮೇಲೆ ಮಂಡಿಯೂರಿ ಕೂತು ಪೆಟ್ಟಿಗೆಯ ಕಾಲಿನ ಕೆಳಗೆ ಬಗ್ಗಿದ. ಕೈಯಲ್ಲಿ ಚಕ್ಕೆಯನ್ನು ಮುಟ್ಟಿದ.

"ಯಾರವ್ವ ಇದ ಮಡಗ್ದೋರು?"

"ನಾನೇ ಇಟ್ಟೆ" ಎಂದೆ. "ನೆಲ ಎಡಕ್ಕೆ ವಾಲಿದೆ ಸಿದ್ದಯ್ನೋರೆ. ಇಷ್ಟು ದಿನ ನಿಮಗೆ ಬೇಡ ಅಂದಿದ್ದು ದೇವರಲ್ಲ, ಈ ನೆಲ. ಹೋಗಿ, ಮಗಳನ್ನ ನೋಡ್ಕೊಂಡು ಬನ್ನಿ."

ಅವನು ನೆಲದ ಮೇಲೆಯೇ ಕೂತ. "ನಾನು ಗದ್ದೆ ಮಟ್ಟ ಮಾಡೋನು ಕಣವ್ವ" ಎಂದ. "ನಾಲೆ ನೀರು ಯಾವ ಮಡೀಗೆ ಮೊದ್ಲು ನುಗ್ತದೆ ಅಂತ ಬದುವಿನ್ ಮ್ಯಾಲೆ ನಿಂತ್ ನೋಡೇ ಏಳ್ತೀನಿ. ನಿಮ್ ಪೆಟ್ಗೆ ಎಡಕ್ಕೆ ವಾಲೈತೆ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಆಡಿದ್ರಿ ಮತ್ತೆ?"

"ಬ್ಯಾಡ ಅನ್ನಿಸ್ಕಳಕ್ಕೆ."

ದೋಸೆ ಸೀಯುತ್ತಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ ಮಗುಚುವ ಸಟ್ಟುಗ ತೆಗೆದುಕೊಂಡು ಹೊಡೆಯುವ ಹಾಗಾಯಿತು. ಅದರ ಹಿಂದೆಯೇ ಅಳುವೂ ಬಂತು. ಅವನು ತಲೆ ಎತ್ತಲಿಲ್ಲ.

"ಊರೋರ್ ಮುಂದೆ ನೀರ್ ಹುಯ್ಕಂಡೋನು ನಾನು. ಅವ್ಳ ಮುಂದೆ ಯಾವ್ ಮಕ ಇಟ್ಕಂಡು ನಿಂತ್ಕಳ್ಳಿ? ಈ ಸಲ ಲಾರಿಯೋನು ಬಂದು, ಎರಿಗೆ ಆಯ್ತು, ಬಾಣಂತಿಗೆ ಜರ, ಅಪ್ಪ ಅಪ್ಪ ಅಂತ ಕನವರಿಸ್ತವ್ಳೆ ಅಂದ. ಆ ಚಕ್ಕೆ ತಗೀರವ್ವ. ಇನ್ನೊಂದ್ ಸಲ ಎಳೀತೀನಿ."

"ತೆಗೆಯಲ್ಲ" ಎಂದೆ.

"ತಗೀರವ್ವ, ನಿಮ್ ಕಾಲಿಗ್ ಬೀಳ್ತೀನಿ."

ಒಳಗೆ ಹೋದೆ. ಕೊಬ್ಬರಿ ಒಂದು ಗಿಟುಕು, ಒಂದು ಅಚ್ಚು ಬೆಲ್ಲ, ಒಣಶುಂಠಿ, ಮೆಣಸು, ಕೈಗೆ ಸಿಕ್ಕಿದ್ದನ್ನೆಲ್ಲ ನನ್ನ ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಕಟ್ಟಿದೆ. ತುಂಡು ಮಗುವಿಗೆ ಬಟ್ಟೆಯಾಗುತ್ತದೆ. ತಂದು ಅವನ ಮಡಿಲಿಗೆ ಹಾಕಿದೆ.

"ಇದು ಬಾಣಂತಿ ಹೆಸರಿನಲ್ಲಿ ಕಟ್ಟಿದ್ದು. ಇದನ್ನ ಹೊತ್ಕೊಂಡು ನಿಮ್ಮೂರ ಬಸ್ಸು ಹತ್ತಬೇಡಿ. ಬಾಣಂತಿಗೆ ಅಂತ ಕೊಟ್ಟಿದ್ದನ್ನ ಹಾದಿಯಿಂದ ವಾಪಸ್ ತಂದ್ರು ಅನ್ನೋ ಮಾತು ನಮ್ಮ ಕಡೆ ಇಲ್ಲ, ನಿಮ್ಮ ಕಡೆ ಇದ್ಯಾ?"

ಅವನು ಗಂಟನ್ನು ನೋಡಿದ. "ಇಲ್ಲ" ಎಂದ. ಹೊರಗೆ ಕಂಡಕ್ಟರು "ಕೋಟೆ, ಕೋಟೆ" ಎಂದು ಕೂಗುತ್ತಿದ್ದ. ಗೋಡೆ ಹಿಡಿದು ಎದ್ದ. ಬಾಗಿಲವರೆಗೆ ಹೋಗಿ ನಿಂತ.

"ಯಾರ್ ಏಳಿದ್ರು ಅಂತ ಬಂದೆ ಅನ್ಲವ್ವ ಅವ್ಳಿಗೆ? ದ್ಯಾವ್ರು ಬಲಕ್ ಕೊಟ್ಟ ಅನ್ನಂಗಿಲ್ಲ."

"ಯಾರೂ ಹೇಳಲಿಲ್ಲ, ನಾನೇ ಬಂದೆ ಅನ್ನಿ."

ಅವನು ಆ ಮಾತನ್ನು ಬಾಯಲ್ಲೇ ಒಂದು ಸಲ ಅಂದುಕೊಂಡ. ರಸ್ತೆ ದಾಟಿದ. ನಾನೂ ಅವನ ಹಿಂದೆಯೇ ಹೋದೆ, ನಂಬಿಕೆ ಇರಲಿಲ್ಲ. ಕೆ.ಆರ್. ನಗರದ ಬಸ್ಸೂ ಪಕ್ಕದಲ್ಲೇ ನಿಂತಿತ್ತು. ಅವನು ಅದರ ಕಡೆ ತಿರುಗಿಯೂ ನೋಡದೆ ಕೋಟೆ ಬಸ್ಸಿನ ಮೆಟ್ಟಿಲು ಹತ್ತಿದ. ಕಂಡಕ್ಟರು ಸೀಟಿ ಊದಿದ. ಆಗ ಸಿದ್ದಯ್ಯ ಬಾಗಿಲ ಕಂಬಿ ಹಿಡಿದುಕೊಂಡು, ಗಂಟನ್ನು ಎದೆಗವಚಿಕೊಂಡು, ಗಾಬರಿಯಿಂದ ನನ್ನ ಕಡೆ ತಿರುಗಿದ.

"ಅವ್ವಾ, ಗಂಡೋ ಎಣ್ಣೋ ಅಂತಾನೂ ನಾನು ಕೇಳ್ಲಿಲ್ಲ ಕಣವ್ವಾ!" ಎಂದ.